ಬಾಡಿಗೆಗೆಂದು ಮನೆ ಕೊಳ್ಳುವವರಿಗೆ



ನಿಲಂಗಾದಿಂದ ತರುಣ ಬಾಂಧವರೊಬ್ಬರ ಪತ್ರ ಬಂದಿದೆ. ಅವರ ತಂದೆಯವರು ತೀರಿಕೊಂಡ ಮೇಲೆ ಹೊಲದ ಒಂದು ತುಂಡು ಮಾರಿ ಹತ್ತು ಲಕ್ಷ ರೂಪಾಯಿ ಕೈಗೆ ಬಂದಿದೆಯಂತೆ. ಅದಕ್ಕೆ ಬ್ಯಾಂಕಿನ ಹದಿನೈದು ಲಕ್ಷ ಸಾಲ ಸೇರಿಸಿ ನಮ್ಮ ಉದಗೀರದಲ್ಲಿ ಒಂದು ಮನೆ ಕೊಂಡು ಬಾಡಿಗೆಗೆ ಕೊಡಬೇಕೆಂದು ಅವರ ವಿಚಾರ. "ಬಾಡಿಗೆಯಿಂದಲೇ ಸಾಲ ತೀರುತ್ತದೆ, ಮನೆ ಪುಕ್ಕಟೆ ಉಳಿಯುತ್ತದೆ ಎಂದು ದಲಾಲರು ಹೇಳುತ್ತಾರೆ. ತಾವು ಏನೆನ್ನುತ್ತೀರಿ?" ಎಂದು ಕೇಳಿದ್ದಾರೆ. ಮನೆಯಲ್ಲಿ ತಾಯಿ ಇದ್ದಾರೆ, ಮದುವೆಯಾಗಬೇಕಾದ ಇಬ್ಬರು ತಂಗಿಯರಿದ್ದಾರೆ ಎಂದೂ ಕೊನೆಗೆ ಒಂದು ಸಾಲು ಬರೆದಿದ್ದಾರೆ. ಆ ಕೊನೆಯ ಸಾಲಿಗೆ ನಾವು ಆಮೇಲೆ ಬರುತ್ತೇವೆ. ಇಂಥ ಪ್ರಶ್ನೆಯನ್ನು ಬಸದಿಯ ಕಟ್ಟೆಯ ಮೇಲೆ, ಮದುವೆಯ ಪಂಕ್ತಿಯಲ್ಲಿ ಹಲವರು ಕೇಳುತ್ತಿರುತ್ತಾರೆ. ಆದ್ದರಿಂದ ಈ ತಿಂಗಳ ಪುಟವನ್ನು ಇದಕ್ಕೇ ಇಟ್ಟಿದ್ದೇವೆ.

ಮೊದಲು ಲೆಕ್ಕ. ನಾವು ಅಡತಿ ಅಂಗಡಿಯಲ್ಲಿ ಬೆಳೆದವರು. ತೊಗರಿಯ ಒಂದು ಚೀಲ ಕೊಂಡರೆ ಹಮಾಲಿ, ತೊಲಾಯಿ, ಬಾರದಾನ, ಲಾರಿ ಬಾಡಿಗೆ ಎಲ್ಲ ಕಳೆದು ಆಮೇಲೆಯೇ ಲಾಭ ಎನ್ನುತ್ತೇವೆ. ಆದರೆ ಮನೆಯ ಮಾತು ಬಂದಾಗ ಅದೇ ನಾವು ತಿಂಗಳ ಬಾಡಿಗೆಯನ್ನು ಹನ್ನೆರಡರಿಂದ ಗುಣಿಸಿ ಖುಷಿಪಡುತ್ತೇವೆ. ಲೆಕ್ಕಕ್ಕೆ ಹೀಗೆ ಹಿಡಿಯೋಣ. ಮನೆಯ ಬೆಲೆ 25 ಲಕ್ಷ. ಮುದ್ರಾಂಕ, ನೋಂದಣಿ ಎಂದು ಸುಮಾರು ಒಂದು ಮುಕ್ಕಾಲು ಲಕ್ಷ ಮೇಲೆ ಬಿತ್ತು. ಒಟ್ಟು 26 ಲಕ್ಷ 75 ಸಾವಿರ. (ಪತ್ರ ಬರೆದ ಬಾಂಧವರು ಈ ಹಣಕ್ಕೆ ತಮ್ಮ ಲೆಕ್ಕದಲ್ಲಿ ಜಾಗವನ್ನೇ ಇಟ್ಟಿಲ್ಲ!) ಬಾಡಿಗೆ ತಿಂಗಳಿಗೆ 6,500 ಬಂತೆನ್ನಿ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಇದ್ದೇ ಇರುತ್ತದೆ, ಹನ್ನೊಂದು ತಿಂಗಳಿಗೆ 71,500. ಅದರಲ್ಲಿ ನಗರ ಪರಿಷತ್ತಿನ ಮನೆಪಟ್ಟಿ, ನೀರುಪಟ್ಟಿ, ಸುಣ್ಣ ಬಣ್ಣ, ಸುಟ್ಟ ಮೋಟಾರು, ಸೋರುವ ನಲ್ಲಿ ಎಲ್ಲ ಕೂಡಿ 16,500 ಹೋಯಿತು. ಉಳಿದದ್ದು 55,000. ಅಂದರೆ ನೂರಕ್ಕೆ ವರ್ಷಕ್ಕೆ ಎರಡು ರೂಪಾಯಿಯ ಚಿಲ್ಲರೆ. ನಮ್ಮ ಹಿರಿಯರು ತಿಂಗಳಿಗೆ ಸೇಕಡಾ ಒಂದು ರೂಪಾಯಿ ಬಡ್ಡಿ ಎಂದು ಮಾತಾಡುತ್ತಿದ್ದರು. ಇಲ್ಲಿ ಆರು ತಿಂಗಳಿಗೆ ಒಂದು ರೂಪಾಯಿ.

ಇನ್ನು ಸಾಲದ ಕಡೆ ನೋಡಿರಿ. 15 ಲಕ್ಷ ಸಾಲ, ಶೇ. 9 ಬಡ್ಡಿ, 15 ವರ್ಷ ಎಂದರೆ ತಿಂಗಳ ಕಂತು 15,200ರ ಮೇಲೆ ಬರುತ್ತದೆ. ಬಾಡಿಗೆ 6,500. ಉಳಿದ ಎಂಟೂಮುಕ್ಕಾಲು ಸಾವಿರವನ್ನು ತಿಂಗಳು ತಿಂಗಳು ಅಂಗಡಿಯಿಂದ ತೆಗೆಯಬೇಕು. ಸೋಯಾಬೀನಿನ ಧಾರಣೆ ಬಿದ್ದ ವರ್ಷ ಅಂಗಡಿ ಎಲ್ಲಿಂದ ಕೊಡುತ್ತದೆ? ದಲಾಲರಿಗೆ ಈ ಲೆಕ್ಕ ಗೊತ್ತಿಲ್ಲವೆಂದಲ್ಲ. ಅವರ ದಲಾಲಿ ಖರೀದಿಯ ದಿನವೇ ಮುಗಿದುಹೋಗುತ್ತದೆ, ಕಂತು ನಮ್ಮ ಪಾಲಿಗೆ ಉಳಿಯುತ್ತದೆ.

ಜಾಗದ ಬೆಲೆ ಏರುತ್ತದಲ್ಲ ಎನ್ನುವರು. ಏರಬಹುದು. ಆದರೆ ಅದು ಬಾಡಿಗೆಯ ಲೆಕ್ಕವಲ್ಲ, ತೇಜಿಮಂದಿಯ ಲೆಕ್ಕ. ಎರಡನ್ನೂ ಒಂದೇ ಕೀರ್ದಿಯಲ್ಲಿ ಬರೆಯಬಾರದು.

ಹಾಗಾದರೆ ಬಾಡಿಗೆಯ ಮನೆಯೇ ಬೇಡವೇ? ನಾವು ಹಾಗೆನ್ನುವುದಿಲ್ಲ. ನಮ್ಮ ಚಿಕ್ಕಮ್ಮ ಮೂವತ್ತೆರಡನೆಯ ವಯಸ್ಸಿಗೆ ವಿಧವೆಯಾದರು. ಚಿಕ್ಕಪ್ಪ ಬಿಟ್ಟುಹೋದದ್ದು ಮನೆಯ ಹಿತ್ತಲಿಗೆ ಕಟ್ಟಿಸಿದ್ದ ಎರಡು ಖೋಲಿ ಮಾತ್ರ. ಆ ಎರಡು ಖೋಲಿಗಳ ಬಾಡಿಗೆಯಲ್ಲಿ ಅವರು ಮೂವತ್ತು ವರ್ಷ ಯಾರ ಮುಂದೆಯೂ ಕೈ ಒಡ್ಡದೆ ಬದುಕಿದರು. ಚಾತುರ್ಮಾಸದಲ್ಲಿ ಮುನಿಸಂಘ ಬಂದರೆ ಆಹಾರದಾನದ ಖರ್ಚನ್ನು ತಮ್ಮ ಹಣದಿಂದಲೇ ಮಾಡುತ್ತಿದ್ದರು. ಅದನ್ನು ಶೇಕಡಾವಾರಿಯಲ್ಲಿ ಅಳೆಯುವುದು ಹೇಗೆ? ಆದರೆ ಆ ಖೋಲಿಗಳ ಮೇಲೆ ಒಂದು ಪೈಸೆ ಸಾಲವಿರಲಿಲ್ಲ, ಜಾಗ ಸ್ವಂತದ್ದಿತ್ತು, ಬಾಡಿಗೆದಾರರು ದಿನಾಲು ಕಣ್ಣ ಮುಂದಿದ್ದರು. ಹೊಸದಾಗಿ ಈ ದಾರಿಗೆ ಬರುವವರಿಗೆ ನಾವು ಅದನ್ನೇ ಹೇಳುವುದು. ಮೊದಲ ಬಾಡಿಗೆ ಮನೆ ನೀವು ಇರುವ ಮನೆಯ ಮಾಳಿಗೆಯ ಮೇಲೋ ಹಿತ್ತಲಲ್ಲೋ ಇರಲಿ. ನೀವೇ ಬಾಡಿಗೆಯ ಅಂಗಡಿಯಲ್ಲಿ ವ್ಯಾಪಾರಕ್ಕೆ ಕುಳಿತವರಾಗಿದ್ದು ಅದರ ಮಾಲೀಕರು ಮಾರಲು ಸಿದ್ಧರಿದ್ದರೆ ಮೊದಲು ಅದನ್ನು ಕೊಳ್ಳಿರಿ. ಪರಊರಿನ ಮನೆ ಆಮೇಲಿನ ಮಾತು.

ಈಗ ನಮ್ಮ ಮನೆತನದ ಒಂದು ಸಂಗತಿ. ಇದನ್ನು ಬರೆಯಬೇಕೋ ಬಿಡಬೇಕೋ ಎಂದು ಎರಡು ದಿನ ವಿಚಾರ ಮಾಡಿದೆವು. ನಮ್ಮ ತಂದೆಯವರು 1974ರಲ್ಲಿ ಉದಗೀರದಲ್ಲಿ ರಸ್ತೆಗೆ ಎರಡು ಮಳಿಗೆಗಳಿದ್ದ ಹಳೆಯ ಮನೆ ಕೊಂಡರು. ಒಂದರಲ್ಲಿ ನಮ್ಮ ವ್ಯಾಪಾರ. ಇನ್ನೊಂದನ್ನು ಪರಿಚಯದವರೊಬ್ಬರಿಗೆ ಮಾತಿನ ಮೇಲೆ ಕೊಟ್ಟರು. ತಿಂಗಳಿಗೆ 40 ರೂಪಾಯಿ ಬಾಡಿಗೆ, ಮೇಲೆ ಸ್ವಲ್ಪ ಪಗಡಿ. ಕಾಗದವಿಲ್ಲ, ಪಾವತಿಯಿಲ್ಲ. "ನಾಲಿಗೆಯೇ ನಮ್ಮ ದಸ್ತೈವಜು" ಎನ್ನುವ ಕಾಲ. 1986ರಲ್ಲಿ ನಮ್ಮ ತಮ್ಮ ಕಾಲೇಜು ಮುಗಿಸಿ ಬಂದ. ಅವನಿಗೆ ಬಟ್ಟೆಯ ಅಂಗಡಿ ಹಾಕುವ ಆಸೆ. ಮಳಿಗೆ ಬಿಟ್ಟುಕೊಡಿರೆಂದು ಕೇಳಿದೆವು. ಅವರು ಒಪ್ಪಲಿಲ್ಲ. 1987ರಲ್ಲಿ ದಾವೆ ಹೂಡಿದೆವು. ಆಗ ಮರಾಠವಾಡಾಕ್ಕೆ ನಡೆಯುತ್ತಿದ್ದದ್ದು 1954ರ ಹೈದರಾಬಾದ್ ಬಾಡಿಗೆ ಕಾಯ್ದೆ. ತಾರೀಖಿನ ಮೇಲೆ ತಾರೀಖು. ತಮ್ಮ ಎರಡು ವರ್ಷ ಕಾದ. 1989ರಲ್ಲಿ ಸೊಲ್ಲಾಪುರದ ಸಂಬಂಧಿಕರ ಅಂಗಡಿಗೆ ಗುಮಾಸ್ತನಾಗಿ ಹೋದ. ತಂದೆಯವರು 1995ರಲ್ಲಿ ತೀರಿಕೊಂಡಾಗಲೂ ದಾವೆ ನಡೆದೇ ಇತ್ತು. 2001ರಲ್ಲಿ ನಾವೇ ಮಧ್ಯಸ್ಥರನ್ನು ಕೂಡ್ರಿಸಿ, ತಂದೆಯವರು ತೆಗೆದುಕೊಂಡಿದ್ದ ಪಗಡಿಯ ಹತ್ತಾರು ಪಟ್ಟು ಹಣ ಕೊಟ್ಟು ಮಳಿಗೆ ಬಿಡಿಸಿಕೊಂಡೆವು. ಅಷ್ಟರಲ್ಲಿ ತಮ್ಮನ ಮಕ್ಕಳು ಸೊಲ್ಲಾಪುರದ ಶಾಲೆಗೆ ಹೋಗುತ್ತಿದ್ದರು. ಅವನು ಮರಳಿ ಬರಲಿಲ್ಲ. ಆ ಮಳಿಗೆ ಈಗ ನಮ್ಮ ಗೋದಾಮು.

ಆ ಬಾಡಿಗೆದಾರರನ್ನು ನಾವು ಬಹಳ ವರ್ಷ ಬೈದುಕೊಂಡೆವು. ಈಗ ವಯಸ್ಸಾದ ಮೇಲೆ ತಿಳಿಯುತ್ತದೆ, ಅವರೂ ಪಗಡಿ ಕೊಟ್ಟಿದ್ದರು, ಅವರಿಗೂ ಹೊಟ್ಟೆ ಇತ್ತು, ಮಕ್ಕಳಿದ್ದರು. ಎಷ್ಟು ವರ್ಷಕ್ಕೆ ಕೊಟ್ಟದ್ದು ಎಂದು ಯಾರೂ ಬರೆದಿಡದಿದ್ದಾಗ ಇಬ್ಬರೂ ತಮ್ಮ ತಮ್ಮ ಮನಸ್ಸಿನಲ್ಲಿ ಬೇರೆ ಬೇರೆ ಬರೆದುಕೊಂಡಿರುತ್ತಾರೆ.

ಕಾನೂನು ಈಗ ಬದಲಾಗಿದೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 2000ದ ಮಾರ್ಚ್ 31ರಿಂದ ಇಡೀ ರಾಜ್ಯಕ್ಕೆ ಬಂದಿದೆ, ಹೈದರಾಬಾದ್ ಕಾಯ್ದೆ ಹೋಗಿದೆ. ಅದರ 55ನೆಯ ಕಲಮನ್ನು ಬಾಡಿಗೆಗೆ ಕೊಡುವ ಪ್ರತಿಯೊಬ್ಬರೂ ತಿಳಿದಿರಬೇಕು. ಕರಾರು ಬರವಣಿಗೆಯಲ್ಲಿರಬೇಕು, ನೋಂದಣಿಯಾಗಬೇಕು, ನೋಂದಣಿ ಮಾಡಿಸುವ ಜವಾಬ್ದಾರಿ ಮಾಲೀಕನದು. ನೋಂದಣಿ ಇಲ್ಲದಿದ್ದರೆ ಷರತ್ತುಗಳ ವಿಷಯದಲ್ಲಿ ಬಾಡಿಗೆದಾರನು ಹೇಳಿದ್ದನ್ನೇ, ಅದು ತಪ್ಪೆಂದು ಸಿದ್ಧವಾಗುವವರೆಗೆ, ನ್ಯಾಯಾಲಯ ಹಿಡಿಯುತ್ತದೆ. ಮೇಲೆ ಮಾಲೀಕನಿಗೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ನಮ್ಮ ಗಡಿಯ ಜನ ಎಡವುವುದು ಇಲ್ಲಿಯೇ. ಬೀದರ, ಭಾಲ್ಕಿಯ ಕಡೆಯ ಬೀಗರು ಹನ್ನೊಂದು ತಿಂಗಳ ಕರಾರನ್ನು ಛಾಪಾ ಕಾಗದದ ಮೇಲೆ ಬರೆಸಿ ನೋಟರಿ ಮಾಡಿಸಿ ಪೆಟ್ಟಿಗೆಯಲ್ಲಿ ಇಡುತ್ತಾರೆ. ಒಂದು ವರ್ಷದೊಳಗಿನ ಕರಾರಿಗೆ ನೋಂದಣಿ ಬೇಡವೆಂಬುದು ಕೇಂದ್ರದ 1908ರ ನೋಂದಣಿ ಕಾಯ್ದೆಯಿಂದ ಬಂದ ರೂಢಿ. ಅದನ್ನೇ ನೋಡಿ ಉದಗೀರದಲ್ಲಿಯೂ ಹಾಗೆ ಮಾಡುತ್ತಾರೆ. ಮಹಾರಾಷ್ಟ್ರದಲ್ಲಿ ಅದು ನಡೆಯುವುದಿಲ್ಲ. ಹನ್ನೊಂದು ತಿಂಗಳಾದರೂ ನೋಂದಣಿ ಬೇಕು. ಖರ್ಚು ಬಹಳವೆಂದು ಹೆದರಬೇಡಿರಿ. ಮನೆಯನ್ನು ಲೀವ್ ಆಂಡ್ ಲೈಸೆನ್ಸ್ ಕರಾರಿನ ಮೇಲೆ ಕೊಟ್ಟರೆ ಮುದ್ರಾಂಕ ಒಟ್ಟು ಬಾಡಿಗೆಯ ಶೇ. ಕಾಲು ಭಾಗ ಮಾತ್ರ. ತಿಂಗಳಿಗೆ 6,000ದಂತೆ ಹನ್ನೊಂದು ತಿಂಗಳು, ಠೇವಣಿ 20,000 ಎಂದರೆ ಇನ್ನೂರು ರೂಪಾಯಿಯ ಒಳಗೇ ಮುಗಿಯುತ್ತದೆ. ನೋಂದಣಿ ಶುಲ್ಕ ಬೇರೆ. ಈಗ ಮನೆಯಲ್ಲಿ ಕುಳಿತು ಕಂಪ್ಯೂಟರಿನ ಮೇಲೆಯೇ ಹೆಬ್ಬೆಟ್ಟು ಒತ್ತಿ ಮಾಡಿಸುವ ಸೌಕರ್ಯವೂ ಇದೆ. ನಮ್ಮ ಮೊಮ್ಮಗ ಮಾಡಿಸುತ್ತಾನೆ, ನಾವು ನೋಡುತ್ತ ಕೂಡುತ್ತೇವೆ.

ವಸತಿಗೆಂದು ಹೀಗೆ ನೋಂದಣಿಯಾದ ಲೈಸೆನ್ಸಿನ ಅವಧಿ ಮುಗಿದರೂ ಬಿಡದಿದ್ದರೆ 24ನೆಯ ಕಲಮಿನಂತೆ ಸಕ್ಷಮ ಪ್ರಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು, ಬಿಡುವವರೆಗೆ ಬಾಡಿಗೆಯ ದುಪ್ಪಟ್ಟು ಕೇಳಬಹುದು. ಅಂಗಡಿಗೆ ಈ ಹತ್ತಿರದ ದಾರಿ ಇಲ್ಲ, ದಿವಾಣಿ ನ್ಯಾಯಾಲಯಕ್ಕೇ ಹೋಗಬೇಕು. ಆದ್ದರಿಂದ ಅಂಗಡಿ ಕೊಡುವಾಗ ಎರಡು ಪಟ್ಟು ಎಚ್ಚರ. ಬಾಡಿಗೆ ಮುಟ್ಟಿದ್ದಕ್ಕೆ ಪಾವತಿ ಕೊಡುವುದು ಕಾನೂನಿನ ಕರ್ತವ್ಯ. ಪಾವತಿ ಕೊಟ್ಟರೆ ಹಕ್ಕು ಹುಟ್ಟುತ್ತದೆಂಬ ಹಳೆಯ ಅಂಜಿಕೆಯನ್ನು ಬಿಡಿರಿ. ಸಿಟ್ಟಿನಲ್ಲಿ ಬಾಡಿಗೆದಾರರ ನೀರು, ವಿದ್ಯುತ್ತು ಕಡಿಯುವುದೂ ಅಪರಾಧ.

ಇನ್ನು ಜಾಗದ ಕಾಗದ. ಉದಗೀರ, ನಿಲಂಗಾ 1956ರವರೆಗೆ ಹೈದರಾಬಾದ್ ಸಂಸ್ಥಾನದ, ಆಮೇಲೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಆಮೇಲೆ ಉಸ್ಮಾನಾಬಾದ್ ಜಿಲ್ಲೆ, 1982ರಿಂದ ಲಾತೂರ ಜಿಲ್ಲೆ. ಹೀಗಾಗಿ ಹಳೆಯ ಕಾಗದಗಳು ಉರ್ದುವಿನಲ್ಲಿ, ಹೊಸವು ಮರಾಠಿಯಲ್ಲಿ, ಕೊಳ್ಳುವವರ ಮನೆಯ ಹಿರಿಯರು ಓದುವುದು ಕನ್ನಡದಲ್ಲಿ! ಗೊತ್ತಿದ್ದವರಿಂದ ಓದಿಸಿಕೊಳ್ಳಲು ನಾಚಬಾರದು. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಸೂಚಿ ಕ್ರಮಾಂಕ 2ನ್ನು ಮೂವತ್ತು ವರ್ಷ ಹಿಂದಕ್ಕೆ ವಕೀಲರಿಂದ ಹುಡುಕಿಸಿರಿ. ಜಾಗ ಊರ ಹೊರಗಿನ ಹೊಲದಲ್ಲಿ ಬಿದ್ದದ್ದಾದರೆ ಸಾತ್‌ಬಾರಾ ನೋಡಿರಿ, 1954ರ ಖಾಸರಾ ಪಹಣಿಯಲ್ಲಿ ಯಾರ ಹೆಸರಿತ್ತೆಂದು ನೋಡಿರಿ. "ಭೋಗವಟಾದಾರ ವರ್ಗ 2" ಎಂದಿದ್ದರೆ ಸರಕಾರದ ಅನುಮತಿಯಿಲ್ಲದೆ ಮಾರಲು ಬರುವುದಿಲ್ಲ. ಇನಾಮು, ದೇವಸ್ಥಾನ, ವಕ್ಫ್ ಎಂಬ ಶಬ್ದ ಕಂಡರೆ ಅಲ್ಲಿಯೇ ನಿಂತುಬಿಡಿರಿ. ಬಿನ್‌ಶೇತಿ ಆದೇಶವಿಲ್ಲದೆ ಗುಂಟೆ ಗುಂಟೆಯಾಗಿ ಮಾರಿದ ಪ್ಲಾಟುಗಳು ಅಗ್ಗವಾಗಿ ಸಿಗುತ್ತವೆ. ಅವನ್ನು ನಿಯಮಬದ್ಧ ಮಾಡಲು 2001ರ ಗುಂಟೇವಾರಿ ಕಾಯ್ದೆ ಇದೆ, 2021ರ ತಿದ್ದುಪಡಿಯಿಂದ 2020ರ ಡಿಸೆಂಬರ್ 31ರವರೆಗಿನವಕ್ಕೂ ಅವಕಾಶ ಸಿಕ್ಕಿದೆ. ಆದರೆ ಆ ಪ್ರಮಾಣಪತ್ರ ಕೈಗೆ ಬಂದ ಪ್ಲಾಟು ಬೇರೆ, ಮುಂದೆ ಬರುತ್ತದೆ ಎಂದು ಹೇಳುವ ಪ್ಲಾಟು ಬೇರೆ. ಮನೆಪಟ್ಟಿಯ ಪಾವತಿ ತೋರಿಸಿ ಇದೇ ಮಾಲಕಿ ಎನ್ನುವವರಿದ್ದಾರೆ. ಅದು ಪಟ್ಟಿ ಕಟ್ಟಿದ್ದಕ್ಕೆ ಪಾವತಿ, ಅಷ್ಟೇ. ಮತ್ತೊಂದು ಮಾತು. ಮುಂಗಡವನ್ನು ರೋಖಡಿ ಕೊಡುವುದು ನಮ್ಮಲ್ಲಿ ಹಳೆಯ ಚಟ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ಮತ್ತು ಮೇಲಿನ ಮೊತ್ತ ರೋಖಡಿ ಪಡೆದರೆ ಅಷ್ಟೇ ದಂಡವೆಂದು 2015ರಿಂದ ನಿಯಮವಿದೆ.

ಕಟ್ಟಡದ ವಿಷಯಕ್ಕೆ ಬಂದಾಗ ನಮಗೆ ಒಂದು ರಾತ್ರಿ ಮರೆಯುವುದಿಲ್ಲ. 1993ರ ಅನಂತ ಚತುರ್ದಶಿ. ದಶಲಕ್ಷಣ ಪರ್ವದ ಕೊನೆಯ ದಿನ, ಉಪವಾಸ ಮಾಡಿ ಮಲಗಿದ್ದೆವು. ಬೆಳಗಾದರೆ ಪಾರಣೆ. ನಸುಕಿನ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಕಿಲ್ಲಾರಿ ಹೋಯಿತು, ಸಾಸ್ತೂರ ಹೋಯಿತು, ಔಸಾ ಉಮರಗಾ ಕಡೆಯ ಹಳ್ಳಿಗಳಲ್ಲಿ ಸಾವಿರಾರು ಜನ ನಿದ್ದೆಯಲ್ಲಿಯೇ ಹೋದರು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮೊಳದುದ್ದ ಮಣ್ಣು ಹೇರಿದ ಮಾಳಿಗೆ. ಬೇಸಿಗೆಗೆ ತಂಪು, ಆ ದಿನ ಅದೇ ಗೋರಿ. ಉಮರಗಾದಲ್ಲಿ ನಮ್ಮ ಸೋದರಮಾವನ ಮನೆ ಇತ್ತು. ಮುಂದಿನ ಭಾಗವನ್ನು ಸಿಮೆಂಟು ಕಂಬ ಹಾಕಿ ಹೊಸದಾಗಿ ಕಟ್ಟಿಸಿ ತಾವು ಇದ್ದರು. ಹಿಂದಿನ ಹಳೆಯ ಮಣ್ಣಿನ ಖೋಲಿಯನ್ನು ಒಬ್ಬ ಸಿಂಪಿಗನ ಕುಟುಂಬಕ್ಕೆ ಬಾಡಿಗೆಗೆ ಕೊಟ್ಟಿದ್ದರು. ಹಿಂದಿನ ಗೋಡೆ ಪೂರಾ ಕುಸಿಯಿತು. ಸಿಂಪಿಗನ ಮನೆಯವರು ಗಣಪತಿ ಬಿಡುವುದನ್ನು ನೋಡಿ ತಡವಾಗಿ ಬಂದು ಅಂಗಳದಲ್ಲಿಯೇ ಮಲಗಿದ್ದರಿಂದ ಬದುಕಿದರು. ಮಾವ ಸಾಯುವವರೆಗೆ ಒಂದೇ ಮಾತು ಹೇಳುತ್ತಿದ್ದರು: "ನಾವು ಪಕ್ಕಾದಲ್ಲಿ ಮಲಗಿ ಅವರನ್ನು ಕಚ್ಚಾದಲ್ಲಿ ಮಲಗಿಸಿ ಬಾಡಿಗೆ ತಿಂದೆವಲ್ಲ."

ಅಂದಿನಿಂದ ನಾವು ಸ್ವತಃ ಮಲಗಲಾರದ ಖೋಲಿಯನ್ನು ಯಾರಿಗೂ ಕೊಟ್ಟಿಲ್ಲ. ಹಳೆಯ ಮನೆ ಕೊಳ್ಳುವವರು ಬಣ್ಣ ನೋಡಬೇಡಿರಿ. ಗೋಡೆ ಯಾವುದರದು, ಬಾಗಿಲು ಕಿಟಕಿಗಳ ಮೇಲೆ ಸುತ್ತಲೂ ಕಾಂಕ್ರೀಟಿನ ಪಟ್ಟಿ ಇದೆಯೋ ಇಲ್ಲವೋ, ಮೂಲೆಗಳು ಬಿಟ್ಟಿವೆಯೋ ಎಂದು ಒಬ್ಬ ಇಂಜಿನಿಯರರಿಂದ ತೋರಿಸಿರಿ. ಅವರ ಫೀಯನ್ನು ಖರೀದಿಯ ಖರ್ಚಿನಲ್ಲಿಯೇ ಹಿಡಿಯಿರಿ.

ನೀರು ಇನ್ನೊಂದು. 2016ರ ಏಪ್ರಿಲಿನಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ತಂದದ್ದನ್ನು ದೇಶವೇ ನೋಡಿತು. ಆ ವರ್ಷ ಬೋರ್‌ವೆಲ್ ಬತ್ತಿದ ಮನೆಗಳಲ್ಲಿ ಬಾಡಿಗೆದಾರರು ನಿಲ್ಲಲಿಲ್ಲ. ಮನೆಯನ್ನು ದೀಪಾವಳಿಗೆ ನೋಡಬೇಡಿರಿ, ಮೇ ತಿಂಗಳಲ್ಲಿ ನೋಡಿರಿ, ಪಕ್ಕದ ಮನೆಯ ಹೆಣ್ಣುಮಕ್ಕಳನ್ನು ನೀರಿನ ವಿಷಯ ಕೇಳಿರಿ. ದಲಾಲರಿಗಿಂತ ಅವರ ಮಾತು ಖರೆ.

ಲಾತೂರಿನಲ್ಲಿ ಡಾಕ್ಟರು, ಇಂಜಿನಿಯರಿಂಗು ಪರೀಕ್ಷೆಯ ಕ್ಲಾಸಿಗೆ ಬರುವ ಹುಡುಗರಿಗಾಗಿ ಖೋಲಿ ಕಟ್ಟಿಸುವ ಆಸೆ ಈಗ ಹಲವರಿಗೆ ಇದೆ. ಬಾಡಿಗೆ ಚೆನ್ನಾಗಿಯೇ ಬರುತ್ತದೆ. ಆದರೆ 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಹುಡುಗರೆಲ್ಲ ಒಮ್ಮೆಲೇ ಊರಿಗೆ ಹೋದರು, ಖೋಲಿಗಳಿಗೆ ಬೀಗ, ಕಂತಿಗೆ ಮಾತ್ರ ಬೀಗವಿಲ್ಲ. ಸಾಲ ಮಾಡಿ ಒಂದೇ ತರಹದ ಗಿರಾಕಿಯನ್ನು ನಂಬಿದವರು ಬಹಳ ಕಷ್ಟಪಟ್ಟರು.

ಯಾರಿಗೆ ಕೊಡಬೇಕು? ನಮ್ಮವರಿಗೇ ಕೊಡಬೇಕೆನ್ನುವುದು ನಮ್ಮ ಸಮಾಜದಲ್ಲಿ ಸಹಜ. ಅಡುಗೆಮನೆಯ ಮಡಿ, ನೀರು ಸೋಸುವುದು, ರಾತ್ರಿ ಊಟದ ವಿಚಾರ. ಅದು ನಮಗೂ ಅರ್ಥವಾಗುತ್ತದೆ. ಆದರೆ ಅನುಭವ ಹೇಳುತ್ತೇವೆ. ಸಂಬಂಧಿಕರಿಗೆ ಕೊಟ್ಟ ಮನೆಯ ಬಾಡಿಗೆ ಕೇಳಲು ಬಾಯಿ ಬರುವುದಿಲ್ಲ, ಹೆಚ್ಚಿಸಲು ಆಗುವುದೇ ಇಲ್ಲ, ಬಿಡಿಸಿದರೆ ಮದುವೆಯಲ್ಲಿ ಮುಖ ತಿರುವುತ್ತಾರೆ. ನಮ್ಮ ಮೇಲಿನ ಮನೆಯಲ್ಲಿ ಹನ್ನೊಂದು ವರ್ಷ ಇದ್ದವರು ಒಬ್ಬ ಮುಸ್ಲಿಂ ಶಿಕ್ಷಕರು. ಅಡುಗೆಯ ವಿಷಯ ನಾವು ಸಂಕೋಚಪಡುತ್ತಿರುವಾಗ ಅವರೇ ಮೊದಲ ದಿನ ಬಾಯಿಬಿಟ್ಟು ಮಾತಾಡಿ, ಈ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ ಎಂದರು. ಹನ್ನೊಂದು ವರ್ಷದಲ್ಲಿ ಆ ಮಾತೂ ತಪ್ಪಲಿಲ್ಲ, ಐದನೆಯ ತಾರೀಖೂ ತಪ್ಪಲಿಲ್ಲ. ನೋಡಬೇಕಾದದ್ದು ನಡತೆ, ಹಿಂದಿನ ಮನೆಯ ಮಾಲೀಕರ ಅಭಿಪ್ರಾಯ, ತಿಂಗಳ ಆದಾಯ. ಅಂಗಡಿಯಾದರೆ ಯಾವ ವ್ಯಾಪಾರಕ್ಕೆಂದು ಕರಾರಿನಲ್ಲಿಯೇ ಬರೆಯಿರಿ. ಸಾರಾಯಿ, ಮಾಂಸದ ವ್ಯಾಪಾರ ಬೇಡವೆಂದಿದ್ದರೆ ಅದನ್ನೂ ಬರೆಯಿರಿ, ಆಮೇಲೆ ಜಗಳಾಡಬೇಡಿರಿ.

ತೆರಿಗೆಯ ವಿಷಯ ಸಂಕ್ಷೇಪವಾಗಿ. ಬಾಡಿಗೆಯಲ್ಲಿ ನೀವು ಕಟ್ಟಿದ ಮನೆಪಟ್ಟಿ ಕಳೆದು, ಉಳಿದದ್ದರಲ್ಲಿ ಶೇ. 30ನ್ನು ದುರಸ್ತಿ ಮಾಡಿರಿ ಬಿಡಿರಿ ಬಿಟ್ಟುಕೊಡುತ್ತಾರೆ. ಸಾಲದ ಬಡ್ಡಿಯೂ ಕಳೆಯುತ್ತದೆ. ಅಂಗಡಿಯ ಬಾಡಿಗೆದಾರರು ಜಿಎಸ್‌ಟಿ ನೋಂದಣಿ ಇದ್ದವರು, ಮಾಲೀಕರು ಇಲ್ಲದವರು ಆಗಿದ್ದರೆ 2024ರ ಅಕ್ಟೋಬರ್ 10ರಿಂದ ಬಾಡಿಗೆಯ ಮೇಲಿನ ಶೇ. 18ನ್ನು ಬಾಡಿಗೆದಾರರೇ ಕಟ್ಟಬೇಕು. ಕಾಂಪೊಸಿಷನ್‌ದವರಿಗೆ 2025ರ ಜನವರಿ 16ರಿಂದ ಇದು ಇಲ್ಲ. ಹೆಚ್ಚಿನದನ್ನು ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿರಿ. ನಾವು ಮ್ಯಾಟ್ರಿಕ್ ಪಾಸಾದವರು.

ಈಗ ಪತ್ರದ ಕೊನೆಯ ಸಾಲು. ತಮ್ಮಾ, ಆ ಹತ್ತು ಲಕ್ಷ ನಿನ್ನೊಬ್ಬನದಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ನಮ್ಮ ಜೈನರಿಗೂ ಅನ್ವಯಿಸುತ್ತದೆ. ತಂದೆ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ ತಾಯಿಗೆ, ಮಗನಿಗೆ, ಮಗಳಿಗೆ ಅವರವರ ಪಾಲು. ಪಿತ್ರಾರ್ಜಿತದಲ್ಲಿ ಮಗಳು ಮಗನಂತೆಯೇ ಎಂದು 2005ರಲ್ಲಿ ತಿದ್ದುಪಡಿಯಾಗಿದೆ. ತಂಗಿಯರು ಹಕ್ಕುಸೋಡು ಪತ್ರಕ್ಕೆ ಸಹಿ ಮಾಡಿಕೊಡುತ್ತಾರೆ ಎನ್ನುವೆ. ಮಾಡಬಹುದು, ನಮ್ಮ ಹೆಣ್ಣುಮಕ್ಕಳು ಅಣ್ಣನ ಮುಖ ನೋಡಿ ಎಲ್ಲಿ ಬೇಕಾದರೂ ಸಹಿ ಮಾಡುತ್ತಾರೆ. ಹಾಗೆಂದೇ ಕೇಳಬಾರದು. ಅವರ ಮದುವೆ ಇನ್ನೂ ಆಗಬೇಕು, ಅವರ ಪಾಲು ಒಂದು ಮನೆಯ ಗೋಡೆಯಲ್ಲಿ ಸಿಕ್ಕಿಕೊಂಡರೆ ಬೇಕಾದ ದಿನ ಇಟ್ಟಿಗೆ ಕಿತ್ತು ಕೊಡಲಾಗುವುದಿಲ್ಲ.

ನಮ್ಮ ವಿಚಾರ ಇಷ್ಟು. ಹದಿನೈದು ಲಕ್ಷದ ಸಾಲ ಬೇಡ. ತಂಗಿಯರ ಪಾಲನ್ನು ಅವರವರ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಡು. ನಿಲಂಗಾದ ನಿಮ್ಮ ಸ್ವಂತ ಮನೆಯ ಅಡಿಪಾಯ ಗಟ್ಟಿಯಿದ್ದರೆ, ನಗರ ಪರಿಷತ್ತಿನ ಪರವಾನಗಿ ತೆಗೆದುಕೊಂಡು ನಿನ್ನ ಮತ್ತು ತಾಯಿಯ ಪಾಲಿನಲ್ಲಿ ಮೇಲೆ ಎರಡು ಖೋಲಿ, ಬೇರೆ ಮೆಟ್ಟಿಲು, ಬೇರೆ ಮೀಟರು ಹಾಕಿಸು. ಬಾಡಿಗೆ ತಾಯಿಯ ಖಾತೆಗೆ ಬರಲಿ. ಉದಗೀರದ ಆ ಮನೆಯ ಆಸೆ ಇನ್ನೂ ಬಿಟ್ಟಿಲ್ಲವಾದರೆ ದಲಾಲರಿಗೆ ಮುಂಗಡ ಕೊಡುವ ಮೊದಲು ಕಾಗದಗಳ ಝೆರಾಕ್ಸ್ ತೆಗೆದುಕೊಂಡು ಒಂದು ರವಿವಾರ ಬಾ. ತಾಯಿಯವರನ್ನೂ ಕರೆದುಕೊಂಡು ಬಾ. ಮಧ್ಯಾಹ್ನ ನಾವು ಮನೆಯಲ್ಲಿಯೇ ಇರುತ್ತೇವೆ, ಊಟ ಸಂಜೆಯ ಒಳಗೆ.